ಎರಡೂ 22 ಎಂಎಂ, ಒಂದು ಗಟ್ಟಿ, ಒಂದು ಟೊಳ್ಳು: ಹಿಂದಿನ ಸ್ವೇ ಬಾರ್ ಹೋಲಿಕೆ

ನನ್ನದು ಮುಂದಿನ ಚಕ್ರಗಳು ಎಳೆಯುವ ಹ್ಯಾಚ್‌ಬ್ಯಾಕ್. ಹತ್ತು ವರ್ಷ ಹಳೆಯದು, ಎಂಜಿನ್ ಇನ್ನೂ ಗಟ್ಟಿಮುಟ್ಟಾಗಿದೆ. ಅದರ ಮೇಲೆ ನನಗಿದ್ದ ದೂರು ಒಂದೇ. ತಿರುವಿಗೆ ಸ್ವಲ್ಪ ಜೋರಾಗಿ ನುಗ್ಗಿದರೆ ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಮೂತಿ ಒಳಗೆ ಬರುವುದಿಲ್ಲ, ಹೊರಗಡೆಗೇ ಎಳೆಯುತ್ತದೆ. ಅಂಡರ್‌ಸ್ಟಿಯರ್ ಅನ್ನುವುದು ಇದಕ್ಕೇ. ಕಾರು ತಯಾರಿಸುವವರು ಬೇಕೆಂದೇ ಹೀಗೆ ಇಟ್ಟಿರುತ್ತಾರೆ. ಗಾಬರಿಯಾದ ಚಾಲಕ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಕಾರು ಬಾಲ ತಿರುಗಿಸದೆ ತಾನಾಗಿ ದಾರಿಗೆ ಬರಲಿ ಎಂಬುದು ಅವರ ಲೆಕ್ಕ. ಲೆಕ್ಕ ತಪ್ಪಲ್ಲ. ಆದರೆ ಅದಕ್ಕಾಗಿ ಬಿಟ್ಟುಕೊಟ್ಟ ಚುರುಕಿನಲ್ಲಿ ಸ್ವಲ್ಪ ಭಾಗವನ್ನಾದರೂ ವಾಪಸ್ ಪಡೆಯಬಹುದೇ ಎಂದು ನೋಡಲು ಹೊರಟೆ. ಆರು ತಿಂಗಳಲ್ಲಿ ಹಿಂದಿನ ಸ್ವೇ ಬಾರ್, ಅಂದರೆ ಎಡ ಬಲ ಚಕ್ರಗಳನ್ನು ಜೋಡಿಸುವ ಅಡ್ಡ ಸರಳು, ಮೂರು ಥರದ್ದು ಹಾಕಿ, ಬಿಚ್ಚಿ, ಮತ್ತೆ ಹಾಕಿದೆ. ಕಾರಿನದೇ 19 ಎಂಎಂ ಬಾರ್, 22 ಎಂಎಂ ಗಟ್ಟಿ ಬಾರ್, ಕೈಯ (ಬಾರಿನ ಎರಡೂ ಕೊನೆಯಲ್ಲಿ ಬಾಗಿರುವ ಭಾಗದ) ತುದಿಯಲ್ಲಿ ಮೂರು ತೂತುಗಳಿರುವ 22 ಎಂಎಂ ಟೊಳ್ಳು ಬಾರ್. ನಡುವೆ ಎರಡು ವಾರ ಬಿಗಿ ಸ್ಪ್ರಿಂಗನ್ನೂ ಓಡಿಸಿ ನೋಡಿದೆ.

ಮೊದಲು ಈ ಸರಳು ಮಾಡುವ ಕೆಲಸ ಏನು ಅಂತ ಹೇಳಿಬಿಡುತ್ತೇನೆ, ಏಕೆಂದರೆ ಇದನ್ನು ಕೊಳ್ಳುವವರಲ್ಲಿ ಹೆಚ್ಚಿನವರು "ಕಾರು ವಾಲುವುದು ಕಡಿಮೆಯಾಗುತ್ತದೆ" ಎಂಬಲ್ಲಿಗೇ ನಿಂತುಬಿಡುತ್ತಾರೆ. ಬಾರಿನ ನಡುಭಾಗವನ್ನು ಎರಡು ರಬ್ಬರ್ ಬುಶ್‌ಗಳು ಹಿಡಿದಿರುತ್ತವೆ, ಎರಡು ತುದಿಗಳು ಲಿಂಕ್ ಎಂಬ ಗಿಡ್ಡ ಕಡ್ಡಿಗಳ ಮೂಲಕ ಎಡ ಬಲ ಚಕ್ರಗಳ ಕಡೆಗೆ ಹೋಗುತ್ತವೆ. ಎರಡೂ ಚಕ್ರ ಒಟ್ಟಿಗೆ ಎದ್ದರೆ ಸರಳು ಬುಶ್ ಒಳಗೆ ಸುಮ್ಮನೆ ತಿರುಗುತ್ತದೆ, ಏನೂ ವಿರೋಧವಿಲ್ಲ. ಒಂದೇ ಚಕ್ರ ಎದ್ದಾಗ ಒದ್ದೆ ಬಟ್ಟೆ ಹಿಂಡಿದ ಹಾಗೆ ಅದು ತಿರುಚಿಕೊಳ್ಳಬೇಕು, ಆಗ ವಿರೋಧ ಒಡ್ಡುತ್ತದೆ. ತಿರುವಿನಲ್ಲಿ ಒಳಗಿನ ಚಕ್ರದಿಂದ ಹೊರಗಿನ ಚಕ್ರಕ್ಕೆ ಒಟ್ಟು ಎಷ್ಟು ಭಾರ ಹೋಗುತ್ತದೆ ಎಂಬುದನ್ನು ಕಾರಿನ ತೂಕ, ಅದರ ಎತ್ತರ, ಚಕ್ರಗಳ ನಡುವಿನ ಅಗಲ, ತಿರುವಿನ ಬಿರುಸು ಇವೇ ತೀರ್ಮಾನಿಸುತ್ತವೆ. ಬಾರ್ ಅದನ್ನು ಕಡಿಮೆ ಮಾಡುವುದಿಲ್ಲ. ಆ ಭಾರದಲ್ಲಿ ಮುಂದಿನ ಜೋಡಿ ಎಷ್ಟು ಹೊರಬೇಕು, ಹಿಂದಿನ ಜೋಡಿ ಎಷ್ಟು ಹೊರಬೇಕು ಎಂಬ ಪಾಲನ್ನಷ್ಟೇ ಬದಲಿಸುತ್ತದೆ. ಟೈರಿನ ಮೇಲೆ ಭಾರ ಎರಡು ಪಟ್ಟಾದರೆ ಹಿಡಿತ ಎರಡು ಪಟ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆಯೇ ಸಿಗುತ್ತದೆ. ಆದ್ದರಿಂದ ಯಾವ ಜೋಡಿಯಲ್ಲಿ ಒಂದೇ ಟೈರಿನ ಮೇಲೆ ಭಾರ ಹೆಚ್ಚು ಬೀಳುತ್ತದೋ ಆ ಜೋಡಿ ಸೋಲುತ್ತದೆ. ಹಿಂದಿನ ಬಾರ್ ಬಿಗಿ ಮಾಡಿದರೆ ಹಿಂದಿನ ಹಿಡಿತ ಸ್ವಲ್ಪ ಕೊಟ್ಟು ಮುಂದಿನ ಹಿಡಿತ ಕೊಂಡ ಹಾಗೆ. ಈ ಕೊಡುವ ಮಾತನ್ನು ಯಾರೂ ಎದ್ದು ಕಾಣುವಂತೆ ಬರೆಯುವುದಿಲ್ಲ. ನಾನು ಬರೆಯಲು ಕೂತಿದ್ದೇ ಅದಕ್ಕಾಗಿ.

ಪರೀಕ್ಷೆಗೆ ಅನುಮತಿ ಪಡೆದ ಒಂದು ಖಾಲಿ ಡಾಂಬರು ಮೈದಾನ. 30 ಮೀಟರ್ ಹಗ್ಗ ಹಿಡಿದು ಸೀಮೆಸುಣ್ಣದಲ್ಲಿ ಒಂದು ದೊಡ್ಡ ವೃತ್ತ ಎಳೆದೆವು, ಪಕ್ಕದಲ್ಲಿ ಹಾವಿನ ನಡಿಗೆಗೆ ಕೋನ್‌ಗಳ ಸಾಲು. ಟೈರ್ ಅದೇ, ಗಾಳಿ ಅದೇ, ಟ್ಯಾಂಕ್ ಅರ್ಧ. ಸ್ಟೀರಿಂಗ್ ಚಕ್ರದ ನೆತ್ತಿಗೆ ಬಿಳಿ ಟೇಪ್ ಸುತ್ತಿದೆ. ವೃತ್ತದ ಮೇಲೆ ನಿಧಾನವಾಗಿ ಹೋಗುವಾಗ ಟೇಪ್ ಎಲ್ಲಿರುತ್ತದೆ, 50 ಕಿ.ಮೀ. ವೇಗದಲ್ಲಿ ಅದೇ ವೃತ್ತ ಬಿಡದೆ ಹೋಗಲು ಅದನ್ನು ಇನ್ನೆಷ್ಟು ತಿರುಗಿಸಬೇಕಾಗುತ್ತದೆ ಎಂದು ಬೆರಳಿನಲ್ಲಿ ಅಳೆಯುವುದು. ಒರಟು ಅಳತೆಯೇ, ಆದರೆ ಅಂಡರ್‌ಸ್ಟಿಯರ್ ಎಷ್ಟಿದೆ ಎಂದು ಇದಕ್ಕಿಂತ ನೇರವಾಗಿ ತೋರಿಸುವ ಉಪಾಯ ನನಗೆ ಗೊತ್ತಿಲ್ಲ. 30 ಮೀಟರ್ ತ್ರಿಜ್ಯದಲ್ಲಿ 50 ಕಿ.ಮೀ. ಅಂದರೆ ಗುರುತ್ವದ ಸುಮಾರು ಮೂರನೇ ಎರಡು ಪಾಲು ಪಕ್ಕಕ್ಕೆ ಎಳೆಯುವ ಬಲ. ಸಾಮಾನ್ಯ ಟೈರಿಗೆ ಅದು ಕಡಿಮೆಯೇನಲ್ಲ.

ಕಾರಿನದೇ ಬಾರ್ ಇದ್ದ ಹಾಗೆಯೇ ಮೊದಲ ಸುತ್ತು ಹೋದಾಗ ಐದು ಬೆರಳು ಬಂತು. ಕಾರು ಎತ್ತಿ ನೋಡಿದರೆ ಬಾರಿನ ಬುಶ್ ರಬ್ಬರ್ ಸವೆದು, ಸರಳಿಗೂ ರಬ್ಬರಿಗೂ ನಡುವೆ ಕಣ್ಣಿಗೆ ಕಾಣುವಷ್ಟು ಸಂದು. ಒಂದು ಲಿಂಕ್‌ನ ಬಾಲ್ ಜಾಯಿಂಟ್ ಕೈಯಲ್ಲೇ ಅಲ್ಲಾಡುತ್ತಿತ್ತು. ಅಂದರೆ ಕಾರು ವಾಲಲು ಶುರುಮಾಡಿದ ಮೊದಲ ಕ್ಷಣದಲ್ಲಿ ಬಾರ್ ಕೆಲಸಕ್ಕೇ ಬರುತ್ತಿರಲಿಲ್ಲ. ಬುಶ್ ಎರಡು, ಲಿಂಕ್ ಎರಡು ಹೊಸದು ಹಾಕಿದೆ. ಟೇಪ್ ನಾಲ್ಕು ಬೆರಳಿಗೆ ಬಂತು, ಹಾವಿನ ನಡಿಗೆಯಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬೀಳುವಾಗ ಇದ್ದ ಆ ಅರೆಕ್ಷಣದ ತಡ ಹೋಯಿತು. ಹಳೆಯ ಕಾರು ಇರುವ ಯಾರೇ ಕೇಳಲಿ, ನಾನು ಮೊದಲು ಹೇಳುವುದು ಇದನ್ನೇ. ಸವೆದ ಬುಶ್ ಇದ್ದ ಕಾರಿನಿಂದ ನೇರ ದಪ್ಪ ಬಾರಿಗೆ ಜಿಗಿದರೆ ಹೊಸ ಬುಶ್ ಮಾಡಿದ ಉಪಕಾರವೂ ಬಾರಿನ ಹೆಸರಿಗೇ ಜಮೆಯಾಗುತ್ತದೆ.

ಇನ್ನು 22 ಎಂಎಂ ಗಟ್ಟಿ ಬಾರ್. ಕೈಯಲ್ಲಿ ಹಿಡಿದಾಗ 19ಕ್ಕೂ 22ಕ್ಕೂ ಅಂಥ ವ್ಯತ್ಯಾಸ ಅನ್ನಿಸುವುದಿಲ್ಲ, ಮೂರೇ ಎಂಎಂ. ಆದರೆ ತಿರುಚುವಿಕೆಗೆ ಸರಳು ಒಡ್ಡುವ ವಿರೋಧ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ. 22ನ್ನು 19ರಿಂದ ಭಾಗಿಸಿ ನಾಲ್ಕು ಸಲ ಗುಣಿಸಿ ನೋಡಿ, 1.8 ಬರುತ್ತದೆ. ಮೂರು ಎಂಎಂಗೆ ಶೇ 80 ಹೆಚ್ಚು ಬಿಗಿ. ಮೈದಾನದಲ್ಲಿ ಅದು ಗೊತ್ತಾಯಿತು. ಟೇಪ್ ಎರಡೇ ಬೆರಳು. ಮೂತಿ ಕೇಳಿದ ಕಡೆಗೆ ಬರುತ್ತಿತ್ತು, ತಿರುವಿನಿಂದ ಹೊರಬರುವಾಗ ಆಕ್ಸಿಲರೇಟರ್ ಒತ್ತಿದರೆ ಒಳಗಿನ ಮುಂದಿನ ಚಕ್ರ ಸುಮ್ಮನೆ ಗಿರಗಿರ ತಿರುಗುವುದೂ ತಗ್ಗಿತು. ಆ ಚಕ್ರದ ಮೇಲೆ ಭಾರ ಉಳಿದುಕೊಂಡಿದೆಯಲ್ಲ, ಅದಕ್ಕೆ. ವೃತ್ತದ ಹೊರಗೆ ನಿಂತಿದ್ದ ತಮ್ಮ ಕೈ ಬೀಸಿ ನಿಲ್ಲಿಸಿದ.

"ಅಣ್ಣಾ, ಒಳಗಿನ ಹಿಂದಿನ ಚಕ್ರ ನೆಲ ಬಿಟ್ಟು ಏಳ್ತಾ ಇದೆ."

"ಎಷ್ಟು?"

"ಕೆಳಗೆ ಒಂದು ಪುಸ್ತಕ ತೂರಿಸಬಹುದು, ಅಷ್ಟೇ."

ಮುಂದಿನ ಚಕ್ರಗಳು ಎಳೆಯುವ ಚುರುಕು ಹ್ಯಾಚ್‌ಬ್ಯಾಕ್‌ಗಳಲ್ಲಿ ಇದು ಹೊಸದೇನಲ್ಲ, ಹಳೆಯ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಕಾರು ಮೂರು ಚಕ್ರದ ಮೇಲೆ ತಿರುಗುವ ಚಿತ್ರಗಳನ್ನು ಬಹಳ ಜನ ನೋಡಿರುತ್ತಾರೆ. ಚಕ್ರ ಎದ್ದ ಮಾತ್ರಕ್ಕೆ ಕಾರು ಮಗುಚುವುದಿಲ್ಲ. ಆದರೆ ಅದೊಂದು ಗೆರೆ. ಎದ್ದ ಚಕ್ರದಲ್ಲಿ ಕೊಡಲು ಭಾರವೇ ಉಳಿದಿಲ್ಲ, ಹಾಗಾಗಿ ಇನ್ನು ಮುಂದೆ ಹೆಚ್ಚುವ ಭಾರವೆಲ್ಲ ಮುಂದಿನ ಜೋಡಿಗೇ ಬೀಳುತ್ತದೆ. ಅಲ್ಲಿಂದಾಚೆ ಎಷ್ಟು ದಪ್ಪ ಬಾರ್ ಹಾಕಿದರೂ ಲಾಭವಿಲ್ಲ. "25 ಎಂಎಂ ಸಿಗುತ್ತದೆ, ಹಾಕಲೇ?" ಎಂದು ಕೇಳುವವರಿಗೆ ನನ್ನ ಉತ್ತರ ಆ ಪುಸ್ತಕದ ದಪ್ಪದಲ್ಲೇ ಇದೆ.

ಟೊಳ್ಳು ಬಾರ್ ಕೂಡ 22 ಎಂಎಂ, ಗೋಡೆಯ ದಪ್ಪ 3 ಎಂಎಂ, ಒಳಗೆ 16 ಎಂಎಂ ಖಾಲಿ. ತಿರುಚುವಾಗ ಸರಳಿನ ನಡುವಿನ ಕಬ್ಬಿಣ ಮಾಡುವ ಕೆಲಸ ತೀರಾ ಕಡಿಮೆ, ಹೊರಗಿನ ಪದರವೇ ಹೆಚ್ಚು ದುಡಿಯುವುದು. ಲೆಕ್ಕ ಹಾಕಿದರೆ ಗಟ್ಟಿ ಬಾರಿನ ಬಿಗಿಯಲ್ಲಿ ಶೇ 72 ಇದರಲ್ಲೇ ಉಳಿಯುತ್ತದೆ, ಸರಳಿನ ತೂಕ ಮಾತ್ರ ಅರ್ಧಕ್ಕೂ ಕಡಿಮೆ. ತಕ್ಕಡಿಗೆ ಇಟ್ಟಾಗ ಗಟ್ಟಿಯದು ನಾಲ್ಕು ಕಿಲೋ ಹತ್ತಿರ, ಇದು ಎರಡು ಕಿಲೋ ಚಿಲ್ಲರೆ. ಡಬ್ಬದ ಮೇಲೆ ಎರಡಕ್ಕೂ "22 ಎಂಎಂ" ಎಂದೇ ಬರೆದಿರುತ್ತದೆ, ಅದನ್ನು ನೋಡಿ ಎರಡೂ ಒಂದೇ ಎಂದುಕೊಳ್ಳಬೇಡಿ. ಕೊಳ್ಳುವ ಮುಂಚೆ ಗೋಡೆಯ ದಪ್ಪ ಕೇಳಿ.

ಇದರ ನಿಜವಾದ ಗುಣ ಇರುವುದು ಮೂರು ತೂತುಗಳಲ್ಲಿ. ಲಿಂಕ್ ಅನ್ನು ಹೊರಗಿನ ತೂತಿಗೆ ಹಾಕಿದರೆ ಕೈ ಉದ್ದ, ಬಾರ್ ಮೆದು. ಒಳಗಿನ ತೂತಿಗೆ ಹಾಕಿದರೆ ಕೈ ಗಿಡ್ಡ, ಬಾರ್ ಬಿಗಿ. ಬಿಗಿ ಕೈಯ ಉದ್ದದ ವರ್ಗಕ್ಕೆ ವಿಲೋಮವಾಗಿ ಬದಲಾಗುತ್ತದೆ. ನನ್ನದರಲ್ಲಿ ಹೊರಗಿನದು 240 ಎಂಎಂ, ನಡುವಿನದು 220, ಒಳಗಿನದು 200. ಕಾರಿನ ಮೂಲ ಬಾರಿನ ಕೈಯೂ 240. ಕಾಗದದ ಮೇಲೆ ಮೂಲ ಬಾರಿಗಿಂತ ಹೊರ ತೂತು ಶೇ 30, ನಡು ತೂತು ಶೇ 54, ಒಳ ತೂತು ಶೇ 86 ಹೆಚ್ಚು ಬಿಗಿ. ಕೈಯೂ ಸ್ವಲ್ಪ ಬಾಗುವುದರಿಂದ ನಿಜದಲ್ಲಿ ಇದಕ್ಕಿಂತ ಒಂದಿಷ್ಟು ಕಡಿಮೆ ಇರುತ್ತದೆ, ಆದರೆ ಹೋಲಿಸಲು ಈ ಅಂಕಿ ಸಾಕು. ಒಳ ತೂತಿನಲ್ಲಿ ಓಡಿಸಿದಾಗ ಗಟ್ಟಿ ಬಾರಿಗೂ ಇದಕ್ಕೂ ವ್ಯತ್ಯಾಸ ಗುರುತಿಸಲು ನನಗಾಗಲಿಲ್ಲ. ಟೇಪ್ ಅದೇ ಎರಡು ಬೆರಳು. ನಡು ತೂತಿನಲ್ಲಿ ಎರಡೂವರೆ. ಹೊರ ತೂತಿನಲ್ಲಿ ಮೂರು ಬೆರಳಿಗಿಂತ ಸ್ವಲ್ಪ ಹೆಚ್ಚು.

ಒಣ ನೆಲದ ಮೇಲೆ ನಿಂತು ತೀರ್ಪು ಕೊಟ್ಟಿದ್ದರೆ ಗಟ್ಟಿ ಬಾರೇ ಗೆಲ್ಲುತ್ತಿತ್ತು. ಅದನ್ನು ಹಾಕಿಯೇ ಮೂರು ವಾರ ಖುಷಿಯಾಗಿ ಓಡಾಡಿದೆ. ಆಮೇಲೆ ಮಳೆ ಬಂತು.

ಮೈದಾನ ಪೂರ್ತಿ ಒದ್ದೆ, ಅದೇ ವೃತ್ತ, ಈ ಸಲ 40 ಕಿ.ಮೀ. ಕಾರು ಸಮವಾಗಿ ಸುತ್ತುತ್ತಿತ್ತು. ತಿರುವಿನ ನಡುವೆ ಎದುರಿಗೆ ಏನೋ ಕಂಡು ಗಾಬರಿಯಾದವರು ಮಾಡುವುದನ್ನೇ ಬೇಕೆಂದು ಮಾಡಿದೆ, ಆಕ್ಸಿಲರೇಟರ್‌ನಿಂದ ಕಾಲನ್ನು ಪಟ್ಟನೆ ತೆಗೆದೆ. ಭಾರ ಮುಂದಕ್ಕೆ ಬಂತು, ಮೊದಲೇ ಹಿಡಿತ ಕೊಟ್ಟು ಕೂತಿದ್ದ ಹಿಂದಿನ ಟೈರ್‌ಗಳು ಒಮ್ಮೆಗೇ ಬಿಟ್ಟವು. ಬಾಲ ಹೊರಗೆ ಹೋಯಿತು. ಡ್ಯಾಶ್‌ಬೋರ್ಡಿನಲ್ಲಿ ಸ್ಟೆಬಿಲಿಟಿ ಕಂಟ್ರೋಲ್ ದೀಪ ಪಟಪಟ ಮಿನುಗಿತು, ಬ್ರೇಕ್ ತಾನಾಗಿ ಗರ್ರ್ ಎಂದು ಹಿಡಿಯಿತು, ನಾನು ಸ್ಟೀರಿಂಗ್ ಎದುರು ದಿಕ್ಕಿಗೆ ತಿರುಗಿಸುವಷ್ಟರಲ್ಲಿ ಎರಡು ಕೋನ್ ಹಿಂದಿನ ಬಂಪರಿಗೆ ಬಡಿದು ಹಾರಿದವು. ಮೂಲ ಬಾರಿನಲ್ಲಿ ಹೀಗೇ ಮಾಡಿದಾಗ ಕಾರು ವೃತ್ತದ ಒಳಗೆ ಒಂದು ಹೆಜ್ಜೆ ಬಂದು ಸುಮ್ಮನಾಗಿತ್ತು. ಕೋನ್ ಎತ್ತಿಡುವಾಗ ನನ್ನ ತಲೆಯಲ್ಲಿದ್ದದ್ದು ಇಷ್ಟೇ: ಈ ಕಾರನ್ನು ನಾನೊಬ್ಬನೇ ಓಡಿಸುವುದಿಲ್ಲ. ಮನೆಯಲ್ಲಿ ಇನ್ನಿಬ್ಬರು ಓಡಿಸುತ್ತಾರೆ, ಅವರಿಗೆ ಈ ಬಾರ್ ಬದಲಾದದ್ದೂ ಗೊತ್ತಿಲ್ಲ.

ಟೊಳ್ಳು ಬಾರನ್ನು ಹುಡುಕಿದ್ದೇ ಆ ದಿನದ ನಂತರ. ಮುಂದಿನ ಮಳೆಗೆ ಹೊರ ತೂತಿನಲ್ಲಿಟ್ಟು ಅದೇ ಪರೀಕ್ಷೆ ಮಾಡಿದೆ. ಬಾಲ ಸ್ವಲ್ಪ ಅಲ್ಲಾಡಿತು, ಆದರೆ ಮೆಲ್ಲಗೆ. ಅದು ಶುರುವಾಗಿದ್ದು ಸೊಂಟಕ್ಕೆ ಗೊತ್ತಾಗುತ್ತಿತ್ತು, ಕೈಗೆ ಸರಿಪಡಿಸಲು ಸಮಯ ಸಿಗುತ್ತಿತ್ತು. ನಡು ತೂತಿನಲ್ಲಿ ಒದ್ದೆ ನೆಲದ ಮೇಲೆ ದೀಪ ಒಮ್ಮೆ ಮಿನುಗಿತು, ಕೋನ್ ಬೀಳಲಿಲ್ಲ. ನನಗೆ ಅದೂ ಬೇಡವೆನ್ನಿಸಿತು.

ರಸ್ತೆಯ ಆರಾಮದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ರಸ್ತೆಯ ಅಗಲಕ್ಕೂ ಇರುವ ಹಂಪ್ ಹತ್ತಿಸಿದರೆ ಮೂರು ಬಾರೂ ಒಂದೇ. ಒಂದೇ ಚಕ್ರ ಗುಂಡಿಗಿಳಿದಾಗ ಗಟ್ಟಿ ಬಾರ್ ಆ ಪೆಟ್ಟನ್ನು ಇನ್ನೊಂದು ಬದಿಗೂ ದಾಟಿಸುತ್ತದೆ, ಹಿಂದೆ ಕೂತವರ ತಲೆ ಪಕ್ಕಕ್ಕೆ ತೂಗುತ್ತದೆ. ಬಿಗಿ ಸ್ಪ್ರಿಂಗ್ ಹಾಕಿದ ಎರಡು ವಾರ ಇದಕ್ಕಿಂತ ಕಷ್ಟ. ತಿರುವಿನಲ್ಲಿ ಸಿಕ್ಕ ಫಲ ಹೆಚ್ಚೂಕಡಿಮೆ ನಡು ತೂತಿನಷ್ಟೇ, ಆದರೆ ನೇರ ರಸ್ತೆಯ ಪ್ರತಿ ಉಬ್ಬನ್ನೂ ಬೆನ್ನು ಎಣಿಸುತ್ತಿತ್ತು. ಬಿಚ್ಚಿ ವಾಪಸ್ ಕೊಟ್ಟೆ.

ಕೂರಿಸುವವರಿಗೆ ನಾಲ್ಕು ಮಾತು. ಕಾರನ್ನು ಜಾಕ್ ಮೇಲಷ್ಟೇ ನಂಬಿ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಇಡಿ. ಎರಡೂ ಬದಿ ಸಮವಾಗಿ ಎತ್ತಿ. ಒಂದೇ ಬದಿ ಎತ್ತಿದರೆ ಬಾರ್ ತಿರುಚಿಕೊಂಡು ನಿಂತಿರುತ್ತದೆ, ಲಿಂಕ್ ಬೋಲ್ಟ್ ತೂತಿಗೆ ಕೂರುವುದಿಲ್ಲ. ಬಲವಂತವಾಗಿ ಬಿಚ್ಚಿದರೆ ತುದಿ ಛಟ್ಟನೆ ಸಿಡಿಯುತ್ತದೆ. ಲಿಂಕ್‌ನ ನಟ್ ತಿರುಗಿಸುವಾಗ ಬಾಲ್ ಜಾಯಿಂಟೂ ಜೊತೆಗೇ ತಿರುಗುತ್ತದೆ. ಬೋಲ್ಟಿನ ತುದಿಯಲ್ಲಿ ಆಲನ್ ಕೀಗೆ ಜಾಗ ಇರುತ್ತದೆ, ಅದನ್ನು ಹಿಡಿದುಕೊಂಡು ಸ್ಪ್ಯಾನರ್ ತಿರುಗಿಸಿ. ಹೊಸ ಬಾರಿನ ಜೊತೆ ಪಾಲಿಯುರೆಥೇನ್ ಬುಶ್ ಬಂದರೆ ಒಳಗೆ ಸಿಲಿಕೋನ್ ಗ್ರೀಸ್ ಧಾರಾಳವಾಗಿ ಸವರಿ. ನಾನು ಮೊದಲ ಸಲ ತೆಳ್ಳಗೆ ಸವರಿದ್ದೆ. ತಿಂಗಳೊಳಗೆ ಹಂಪ್ ಹತ್ತಿದಾಗಲೆಲ್ಲ ಹಳೆಯ ಬಾಗಿಲಿನ ಹಾಗೆ ಕಿರ್ ಎನ್ನತೊಡಗಿತು, ಮತ್ತೆ ಎಲ್ಲ ಬಿಚ್ಚಬೇಕಾಯಿತು. ಎಡ ಬಲ ಎರಡೂ ಲಿಂಕ್ ಒಂದೇ ಸ್ಥಾನದ ತೂತಿನಲ್ಲಿವೆಯೇ ಎಂದು ಕೊನೆಯಲ್ಲಿ ಬೆರಳಿಟ್ಟು ಎಣಿಸಿ ನೋಡಿ.

ಎಲ್ಲ ಕಾರಿಗೂ ಇದು ಹೊಂದುವುದಿಲ್ಲ. ಹಿಂದಿನ ಚಕ್ರಗಳು ತಳ್ಳುವ ಕಾರಿನಲ್ಲಿ ಹಿಂದಿನ ಬಾರ್ ಬಿಗಿ ಮಾಡಿದರೆ ಒಳಗಿನ ಹಿಂದಿನ ಚಕ್ರ ಹಗುರಾಗಿ ತಿರುವಿನಲ್ಲಿ ಎಳೆತವೇ ಹೋಗಬಹುದು. ಟಾರ್ಷನ್ ಬೀಮ್ (ಹಿಂದಿನ ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ಅಡ್ಡ ತೊಲೆ) ಇರುವ ಕೆಲವು ಕಾರುಗಳಲ್ಲಿ ಹಿಂದೆ ಬೇರೆ ಬಾರೇ ಇರುವುದಿಲ್ಲ, ಆ ಬೀಮೇ ತಿರುಚಿಕೊಂಡು ಬಾರಿನ ಕೆಲಸ ಮಾಡುತ್ತದೆ. ಅವಕ್ಕೆ ಹಾಕುವ ಬಾರ್ ಬೇರೆ ಥರದ್ದು, ನಾನು ಹಾಕಿ ನೋಡಿಲ್ಲ. ಹಿಂದಿನ ಟೈರ್ ಸವೆದಿದ್ದರಂತೂ ಬಾರಿನ ವಿಚಾರವನ್ನೇ ಮುಂದೂಡಿ, ಮೊದಲು ಟೈರ್ ಹಾಕಿಸಿ.

ಈಗ ನನ್ನ ಕಾರಿನಲ್ಲಿರುವುದು ಟೊಳ್ಳು ಬಾರ್. ಒಣ ದಿನಗಳಲ್ಲಿ ನಡು ತೂತು. ಮಳೆಗಾಲ ಹತ್ತಿರ ಬಂದಾಗ, ಅಥವಾ ಡಿಕ್ಕಿ ತುಂಬ ಸಾಮಾನು ಹೇರಿ ದೂರ ಹೊರಟಾಗ, ಹೊರ ತೂತು. ಬದಲಿಸಲು ಎರಡು ನಟ್, ಅರ್ಧ ಗಂಟೆ. ಒಳ ತೂತಿನಲ್ಲಿ ಕೊಳೆ ತುಂಬದಿರಲಿ ಎಂದು ಗ್ರೀಸ್ ಮೆತ್ತಿ ಮುಚ್ಚಿದ್ದೇನೆ.