ಬಿಸಿನೆಸ್ ಕೋಚ್ ಜೊತೆ ಮೂರೂವರೆ ವರ್ಷ: ಕಾಫಿ ಮರದ ಸೌಟಿನ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನನ್ನ ಬಿಸಿನೆಸ್ ಕೋಚ್‌ಗೆ ಐದಕ್ಕೆ ಮೂರೂವರೆ ಸ್ಟಾರ್. ಮಿಕ್ಕ ಒಂದೂವರೆ ಎಲ್ಲಿ ಹೋಯಿತು ಅನ್ನೋದು ಮುಂದೆ ಬರುತ್ತದೆ.

ನಾನು ಕೊಡಗಿನ ಸುಂಟಿಕೊಪ್ಪದ ಹತ್ತಿರದ ಬಡಗಿ. ಮೊದಲು ಬಾಗಿಲು, ಕಿಟಕಿ, ಮಂಚ ಮಾಡುತ್ತಿದ್ದೆ. ಈಗ ಹನ್ನೊಂದು ವರ್ಷದಿಂದ ಕಾಫಿ ಗಿಡದ ಮರದಲ್ಲಿ ಕೆಲಸ. ಸಣ್ಣ ಸೌಟು, ಟ್ರೇ, ಕಪ್ ಇಡುವ ಬಿಲ್ಲೆ, ಬುಡವನ್ನೇ ಕಾಲು ಮಾಡಿ ಮೇಲೆ ಗಾಜು ಕೂರಿಸಿದ ಟೀಪಾಯಿ. ತೋಟದವರು ಹಳೇ ಗಿಡ ಕಿತ್ತು ಹೊಸದು ನೆಡುತ್ತಾರಲ್ವಾ, ಆ ಕಿತ್ತ ಗಿಡ ಸಾಮಾನ್ಯವಾಗಿ ಲೈನ್‌ಮನೆಗಳ, ಅಂದರೆ ತೋಟದ ಕೆಲಸದವರ ಸಾಲುಮನೆಗಳ, ಒಲೆಗೆ ಹೋಗುತ್ತದೆ. ತೋಟದ ಲೆಕ್ಕ ಬರೆಯುವ ರೈಟರನ್ನು ಕೇಳಿಕೊಂಡು, ಅದರಲ್ಲಿ ದಪ್ಪ ಬುಡದ ರೋಬಸ್ಟಾ ಜಾತಿಯ ಗಿಡ ಆರಿಸಿ ತರುತ್ತೇನೆ. ಇನ್ನೊಂದು ಜಾತಿ ಅರೇಬಿಕಾ, ಅದರ ಬುಡ ತೆಳು. ಸಾಲದ್ದಕ್ಕೆ ಕಾಂಡ ಕೊರೆಯುವ ಬೋರರ್ ಹುಳ ಬೇರೆ. ಹೊರಗಿಂದ ಚೆನ್ನಾಗೇ ಕಾಣುತ್ತದೆ, ಮರ ತಿರುಗಿಸಿ ಕಡೆಯುವ ಲೇತ್‌ಗೆ ಹಾಕಿದರೆ ಒಳಗೆಲ್ಲ ಪುಡಿ.

ಮಾಲೆಲ್ಲ ಮಡಿಕೇರಿಯ ಮೂರು ಅಂಗಡಿಗೆ ಹೋಗುತ್ತಿತ್ತು. ರಾಜಾಸೀಟ್, ಅಬ್ಬಿ ನೋಡಲು ಬಂದವರು ಕೊಂಡರೆ ಉಂಟು, ಇಲ್ಲಾಂದ್ರೆ ಇಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ತಿಂಗಳುಗಟ್ಟಲೆ ಒಂದು ಸೌಟೂ ಹೋಗಲಿಲ್ಲ. 2020ರಲ್ಲಿ ಲಾಕ್‌ಡೌನ್. ಎರಡು ಸಲ ಪೆಟ್ಟು ತಿಂದ ಮೇಲೆ, ಸಂಬಂಧಿಕರೊಬ್ಬರು ಮೈಸೂರಿನ ಈ ಮೇಡಂ ನಂಬರ್ ಕೊಟ್ಟರು. ಸಣ್ಣ ಕೈಕೆಲಸದವರಿಗೆ ವ್ಯಾಪಾರ ಬೆಳೆಸೋದನ್ನ ಹೇಳಿಕೊಡುತ್ತಾರೆ ಅಂದರು. ಆರು ತಿಂಗಳಿಗೆ 24,000 ರೂಪಾಯಿ, ಹದಿನೈದು ದಿನಕ್ಕೊಂದು ವಿಡಿಯೋ ಕರೆ. 2022ರ ಜನವರಿಯಲ್ಲಿ ಸೇರಿದೆ. ಇಷ್ಟು ದುಡ್ಡಿಗೆ ಹೊಸ ಮೋಟರ್ ಬರುತ್ತಿತ್ತು ಅಂತ ಹೆಂಡತಿ ಒಂದು ವಾರ ಸರಿಯಾಗಿ ಮಾತಾಡಲಿಲ್ಲ.

ಮೊದಲ ಕರೆಯಲ್ಲಿ ಇನ್‌ಸ್ಟಾಗ್ರಾಂ ಬಗ್ಗೆ ಹೇಳುತ್ತಾರೆ ಅಂತ ಕೂತಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಒಂದು ಸೌಟಿಗೆ ನಿಮಗೆ ಎಷ್ಟು ಹೊತ್ತು ಬೇಕು ಸರ್?"

"ಅರ್ಧ ಗಂಟೆ ಮೇಡಂ."

"ಹದಿನೈದು ದಿನ ಗಡಿಯಾರ ನೋಡಿ ಬರೆದಿಡಿ. ಆಮೇಲೆ ಮಾತಾಡೋಣ."

ಬರೆದೆ. ಅರ್ಧ ಗಂಟೆ ಬರೀ ಲೇತ್ ಮತ್ತು ಉಳಿ ಕೆಲಸಕ್ಕೆ ಆಗುತ್ತಿತ್ತು. ಮೂರು ನಮೂನೆ ಸ್ಯಾಂಡ್‌ಪೇಪರ್ ಉಜ್ಜಬೇಕು, ಎಣ್ಣೆ ಹಚ್ಚಬೇಕು, ಮತ್ತೆ ಉಜ್ಜಬೇಕು, ಚೀಟಿ ಕಟ್ಟಬೇಕು. ಎಲ್ಲ ಸೇರಿ ಒಂದು ಗಂಟೆ ನಲವತ್ತು ನಿಮಿಷ! ಆ ಉಜ್ಜೋದು, ಎಣ್ಣೆ ಹಚ್ಚೋದು ಪೂರ್ತಿ ಹೆಂಡತಿ ಕೆಲಸ. ಅದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಎರಡನೇ ಕರೆಯಲ್ಲಿ ಮೇಡಂ ನನ್ನ ಪುಸ್ತಕ ನೋಡಿ, "ಅಕ್ಕನ ಕೂಲಿ ಎಲ್ಲಿ ಬರೆದಿದ್ದೀರಿ?" ಅಂದರು. ಅಡುಗೆಮನೆಯಿಂದ "ಕೇಳಿಸ್ತಾ?" ಅಂತ ಒಂದು ದನಿ ಬಂತು. ಅವತ್ತಿಂದ ನಮ್ಮ ಮನೆಯಲ್ಲಿ 24,000ದ ಬಗ್ಗೆ ದೂರಿಲ್ಲ.

ಲೆಕ್ಕ ಹೀಗಿತ್ತು. ಊರಲ್ಲಿ ಆಗ ನಾವು ಸಹಾಯಕ್ಕೆ ಕರೆಯುವವರಿಗೆ ಎಂಟು ಗಂಟೆಗೆ 600 ರೂಪಾಯಿ ಕೊಡುತ್ತಿದ್ದೆವು, ಅಂದರೆ ಗಂಟೆಗೆ 75. ಅದೇ ದರದಲ್ಲಿ ಹಿಡಿದರೂ ಸೌಟಿಗೆ ಕೂಲಿ 125. ಎಣ್ಣೆ, ಸ್ಯಾಂಡ್‌ಪೇಪರ್ 20. ಡಬ್ಬ 15. ಅಂಗಡಿಯವರು ನೂರಕ್ಕೆ ಮೂವತ್ತು ಹಿಡಿದುಕೊಳ್ಳುತ್ತಾರೆ, 180ರ ಸೌಟಿಗೆ ಅದು 54. ಒಟ್ಟು 214. ಒಂದೊಂದು ಸೌಟು ಮಾರಿದಾಗಲೂ 34 ರೂಪಾಯಿ ಕೈಬಿಟ್ಟು ಹೋಗುತ್ತಿತ್ತು. ಜಾಸ್ತಿ ಮಾರಿದಷ್ಟೂ ಜಾಸ್ತಿ ನಷ್ಟ. ಮರಕ್ಕೆ, ಕರೆಂಟಿಗೆ ಇನ್ನೂ ಒಂದು ಪೈಸೆ ಹಾಕಿಲ್ಲ, ನೋಡಿ. ಸೀಸನ್ನಲ್ಲಿ ದಿನಕ್ಕೆ ಹದಿನಾಲ್ಕು ಗಂಟೆ ಕೆಲಸ ಮಾಡಿಯೂ ಕೈಯಲ್ಲಿ ಯಾಕೆ ಉಳಿಯಲ್ಲ ಅಂತ ವರ್ಷಗಟ್ಟಲೆ ತಲೆ ಕೆರೆದುಕೊಂಡಿದ್ದೆ.

ಸೌಟಿನ ಬೆಲೆ 320 ಮಾಡಿ ಅಂದರು ಮೇಡಂ. ನನಗೆ ಹೆದರಿಕೆ. ಒಬ್ಬ ಅಂಗಡಿಯವರಂತೂ "ಯಾರು ತಗೊಳ್ತಾರೆ ಮಾರಾಯ್ರೆ" ಅಂತ ಪೆಟ್ಟಿಗೆಯನ್ನೇ ವಾಪಸ್ ಕಳಿಸಿದರು. ಮಿಕ್ಕ ಇಬ್ಬರು ಇಟ್ಟುಕೊಂಡರು. ಮೊದಲಿನ ಮುಕ್ಕಾಲು ಭಾಗ ಹೋಯಿತು ಅಷ್ಟೇ, ಆದರೆ ಪ್ರತಿ ಸೌಟಿಗೂ 64 ಉಳಿಯಿತು. ಕೀಚೈನ್ ಮಾಡೋದನ್ನೇ ಬಿಟ್ಟೆ. ಅದರ ಲೆಕ್ಕ ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ.

ಈಗ ಒಂದೂವರೆ ಸ್ಟಾರ್ ವಿಷಯ.

ಮೇಡಂಗೆ ಲೆಕ್ಕ ಗೊತ್ತು, ಮರ ಗೊತ್ತಿಲ್ಲ. ಆರು ತಿಂಗಳು ಮುಗಿದ ಮೇಲೆ ಮೂರು ತಿಂಗಳಿಗೊಂದು ಕರೆ, ತಲಾ 2,000 ಅಂತ ಮುಂದುವರಿಸಿದ್ದೆ. ಆ ಜುಲೈನಲ್ಲಿ ಅವರ ಪರಿಚಯದಿಂದ ಬೆಂಗಳೂರಿನ ಒಂದು ಆಫೀಸಿನ ದೀಪಾವಳಿ ಆರ್ಡರ್ ಬಂತು. ಕಪ್ ಇಡುವ ಬಿಲ್ಲೆ 300, ತಲಾ 90 ರೂಪಾಯಿ, ಸೆಪ್ಟೆಂಬರ್ ಕೊನೆಗೆ ಕೊಡಬೇಕು. ಒಣಗಿದ ಮರ ನನ್ನ ಹತ್ತಿರ ಅಷ್ಟಿರಲಿಲ್ಲ. ಹೇಳಿದೆ. "ಇಂಥ ಅವಕಾಶ ಬಿಡಬಾರದು ಸರ್, ಹೇಗಾದರೂ ಮಾಡಿ" ಅಂದರು. ನಾನೂ ಆಸೆಗೆ ಬಿದ್ದೆ ಅನ್ನಿ.

ಕೊಡಗಿನ ಜುಲೈ ಅಂದರೆ ಹಾಕಿದ ಬಟ್ಟೆಯೇ ಒಣಗದ ಕಾಲ. ಹಸಿ ಮರ ಹೇಗೆ ಒಣಗೀತು? ಅದರಲ್ಲೂ ಕೊಂಬೆಯನ್ನು ಅಡ್ಡ ಕೊಯ್ದ ದುಂಡು ಬಿಲ್ಲೆ ಒಣಗುತ್ತಾ ಅಂಚಿನ ಕಡೆ ಹೆಚ್ಚು ಕುಗ್ಗುತ್ತದೆ, ಎಲ್ಲೋ ಒಂದು ಕಡೆ ನಡುವಿನವರೆಗೆ ಸೀಳಲೇಬೇಕು. ಇಲ್ಲಿನ ತೇವದಲ್ಲಿ ನೆಟ್ಟಗಿದ್ದ ಬಿಲ್ಲೆಗಳು ಅಲ್ಲಿಯ ಎಸಿ ರೂಮಿಗೆ ಹೋಗಿ 110 ಸೀಳಿದವು. 9,900 ರೂಪಾಯಿ ವಾಪಸ್ ಕೊಟ್ಟೆ. ಮೇಡಂ ಮುಂದಿನ ಕರೆಗೆ ದುಡ್ಡು ತಗೊಳ್ಳಲಿಲ್ಲ, ಅದು ಅವರ ದೊಡ್ಡತನ. ಆದರೆ ಆ ಆಫೀಸಿನವರು ಮತ್ತೆ ಫೋನ್ ಮಾಡಲಿಲ್ಲ.

ಆಮೇಲೆ ನಾನೇ ಅವರಿಗೆ ಪಾಠ ಮಾಡಿದೆ. ಕೊಯ್ಲು ಮುಗಿದು ಗಿಡ ಕೀಳುವ ಮಾರ್ಚ್, ಏಪ್ರಿಲ್‌ನಲ್ಲೇ ಮರ ತರಬೇಕು. ಎರಡೂ ತುದಿಗೆ ಮೇಣ ಬಳಿಯಬೇಕು. ಒಲೆ ಮೇಲಿನ ಅಟ್ಟದಲ್ಲಿ ಒಂದು ವರ್ಷ ಮಲಗಿಸಬೇಕು. ಅಂದರೆ ಈ ವರ್ಷದ ಆರ್ಡರಿಗೆ ಹೋದ ವರ್ಷದ ಮರ. ಅಟ್ಟದಲ್ಲಿ ಎಷ್ಟಿದೆಯೋ ಅಷ್ಟೇ ಆರ್ಡರ್. ಇದನ್ನು ಅವರು ಒಪ್ಪಿಕೊಂಡು ಒಂದು ಪಟ್ಟಿ ಮಾಡಿಕೊಟ್ಟರು. ಈಗಲೂ ಅದು ಗೋಡೆ ಮೇಲಿದೆ.

ಇನ್ನೊಂದು ಕಿರಿಕಿರಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ನೆಟ್‌ವರ್ಕೂ ಹೋಗುತ್ತದೆ. ಎರಡು ಕರೆ ಅರ್ಧಕ್ಕೆ ನಿಂತವು. ಬೇರೆ ದಿನ ಮಾಡಿಕೊಟ್ಟರು, ಸುಳ್ಳು ಹೇಳಬಾರದು. ಆಮೇಲೆ ಆ ಚೀಟಿ ವಿಷಯ. ಪ್ರೀತಿಯಿಂದ ಕೈಯಲ್ಲಿ ಮಾಡಿದ್ದು ಅಂತ ಇಂಗ್ಲಿಷಿನಲ್ಲಿ ಹಾಕಿಸಿ ಅಂದರು. ಮೂವತ್ತನೇ ಸೌಟು ಉಜ್ಜುವಾಗ ಎಂಥ ಪ್ರೀತಿ? ನಾನು ಬೇರೆ ಹಾಕಿಸಿದೆ: ರೋಬಸ್ಟಾ ಗಿಡ, ಕಿತ್ತ ವರ್ಷ, ಕೆಳಗೆ "ಕಾಫಿ ವಾಸನೆ ಬರುವುದಿಲ್ಲ". ಪ್ರವಾಸಿಗರು ಮೊದಲು ಸೌಟನ್ನು ಮೂಗಿಗೇ ಹಿಡಿಯುತ್ತಾರೆ, ಅದಕ್ಕೆ. ಚೀಟಿ ಓದಿ ನಗುತ್ತಾರೆ, ಕೊಳ್ಳುತ್ತಾರೆ.

ಸಣ್ಣಪುಟ್ಟ ಸಹಾಯ ತುಂಬಾ ಆಗಿದೆ. ಸಣ್ಣ ಉದ್ದಿಮೆಯವರಿಗೆ ಸರ್ಕಾರ ಮಾಡುವ ಉದ್ಯಮ್ ನೋಂದಣಿಗೆ ಒಬ್ಬರು ನನ್ನ ಹತ್ತಿರ 1,500 ಕೇಳಿದ್ದರು. ಅದಕ್ಕೆ ಸರ್ಕಾರದ ಶುಲ್ಕವೇ ಇಲ್ಲ ಅಂತ ಹೇಳಿ ಕರೆಯಲ್ಲೇ ಮಾಡಿಸಿದರು. 2023ರ ಸೆಪ್ಟೆಂಬರ್‌ನಲ್ಲಿ ಕೈಕಸುಬಿನವರಿಗೆ ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆ ಶುರುವಾದಾಗ, ಅದರ 18 ಕಸುಬುಗಳಲ್ಲಿ ಬಡಗಿ ಕೆಲಸವೂ ಇದೆ ಅಂತ ಮೊದಲು ತಿಳಿಸಿದ್ದು ಅವರೇ. ಉಪಕರಣಕ್ಕೆ 15,000ದ ನೆರವು, ನೂರಕ್ಕೆ ಐದರ ಬಡ್ಡಿಯಲ್ಲಿ ಮೊದಲ ಕಂತು ಒಂದು ಲಕ್ಷದವರೆಗೆ ಸಾಲ. ಸಾಲ ನಾನು ತೆಗೆದುಕೊಳ್ಳಲಿಲ್ಲ. ನೆರವಿನಲ್ಲಿ ಉಳಿ, ಡ್ರಿಲ್ ಬಂದವು.

ಇಲ್ಲಿಯವರೆಗೆ 12 ಕರೆಗೆ 24,000, ಮೊದಲಿನ 24,000 ಸೇರಿ 48,000 ಕೊಟ್ಟಿದ್ದೇನೆ. ಸೇರುವ ಮೊದಲು ತಿಂಗಳಿಗೆ ಸರಾಸರಿ 11,000 ಉಳಿಯುತ್ತಿತ್ತು, ಈಗ 22,000 ಹತ್ತಿರ. ಮಡಿಕೇರಿಯ ಅಂಗಡಿಗೆ ಅರ್ಧ ಮಾಲು, ಮಿಕ್ಕಿದ್ದು ಎರಡು ಹೋಂಸ್ಟೇ ಮತ್ತು ನೇರ ಫೋನಿನಲ್ಲಿ ಕೇಳುವವರಿಗೆ. ನಿಮ್ಮ ಕೆಲಸ ಕೈಯಲ್ಲಿ ಚೆನ್ನಾಗಿ ಕೂತಿದೆ, ಲೆಕ್ಕ ಮಾತ್ರ ಗೋಜಲು ಅಂದರೆ ಇವರ ಹತ್ತಿರ ಹೋಗಿ. ಆರು ತಿಂಗಳು ಸಾಕು. ಇನ್ನೂ ಕೆಲಸ ಕಲಿಯುತ್ತಿದ್ದೀರಿ ಅಂದರೆ ಆ ದುಡ್ಡಿಗೆ ಮೋಟರ್ ತಗೊಳ್ಳಿ.

ಸದ್ಯ ನನಗೂ ಮೇಡಂಗೂ ಟೀಪಾಯಿ ವಿಷಯಕ್ಕೆ ಜಗಳ. ಒಂದಕ್ಕೆ ಆರು ದಿನ ಹಿಡಿಯುತ್ತದೆ, ವರ್ಷಕ್ಕೆ ನಾಲ್ಕೈದು ಹೋದರೆ ಹೆಚ್ಚು. ನಿಲ್ಲಿಸಿ ಅನ್ನುತ್ತಾರೆ. ಬುಡ ಸಿಕ್ಕಿದಾಗ ನನಗೆ ತಡೆಯಲಾಗುವುದಿಲ್ಲ. ಹೋದ ವಾರವೂ ಒಂದು ತಂದು ಅಟ್ಟಕ್ಕೆ ಹಾಕಿದ್ದೇನೆ, ಮೇಡಂಗೆ ಇನ್ನೂ ಹೇಳಿಲ್ಲ.