ರೆಕಾರ್ಡ್ ನಂಬರ್ 3: ಗುಜರಿಯಲ್ಲಿ ಸಿಕ್ಕ ಹಳೆ ಬೆಂಚ್ ವೈಸ್

ಮೇಜಿಗೆ ಕೂರಿಸಿ ಸಾಮಾನು ಬಿಗಿಯಾಗಿ ಹಿಡಿಯುವ ನಾಲ್ಕಿಂಚಿನ ಬೆಂಚ್ ವೈಸ್ ಹುಡುಕುತ್ತಿದ್ದೀರಾ? ಹಾಗಿದ್ದರೆ ಅಂಗಡಿಯ ಹೊಸ ಅಗ್ಗದ ಮಾಲಿಗೆ ಕೈ ಹಾಕುವ ಮುಂಚೆ ಹಳೆಯ ರೆಕಾರ್ಡ್ ನಂಬರ್ 3 ಎಲ್ಲಾದರೂ ಸಿಗುತ್ತಾ ಅಂತ ನೋಡಿ. ನಾನು ಮೈಸೂರಿನಲ್ಲಿ ಹೊಲಿಗೆ ಮಷೀನ್ ರಿಪೇರಿ ಮಾಡುತ್ತೇನೆ. ಇಡೀ ದಿನ ವೈಸ್ ಬಿಗಿ ಮಾಡುವುದು, ಸಡಿಲ ಮಾಡುವುದು, ಇದೇ ಕೆಲಸ. ನೀಡಲ್ ಬಾರ್, ಸಣ್ಣ ಶಾಫ್ಟ್, ಕ್ರ್ಯಾಂಕ್, ಇವನ್ನೆಲ್ಲ ಅಲ್ಲಾಡದ ಹಾಗೆ ಹಿಡಿಯಬೇಕು. ಮೇಲೆ ಗೀರು ಮಾತ್ರ ಬೀಳಬಾರದು. ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ವೈಸ್ ನಾನು ಬಳಸಿಲ್ಲ.

ರೆಕಾರ್ಡ್ ಇಂಗ್ಲೆಂಡಿನ ಶೆಫೀಲ್ಡ್ ಊರಿನ ಮಾಲು. 1898ರಲ್ಲಿ ಶುರುವಾದ ಸಿ. ಅಂಡ್ ಜೆ. ಹ್ಯಾಂಪ್ಟನ್ ಕಂಪನಿಯ ಬ್ರ್ಯಾಂಡ್ ಆಗಿತ್ತು ಇದು. ನಂಬರ್ 3 ಅಂದರೆ ಮೂರಿಂಚು ಅಲ್ಲ, ಅದರ ದವಡೆಯ, ಅಂದರೆ ಸಾಮಾನು ಕಚ್ಚಿ ಹಿಡಿಯುವ ಭಾಗದ ಅಗಲ 4 ಇಂಚು. ಆದರೆ ನಂಬರ್ 5 ನಿಜಕ್ಕೂ 5 ಇಂಚು. ನಂಬರ್ 23, 25 ಥರದವುಗಳಲ್ಲಿ ಮುಂದೆ ಒಂದು ಲಿವರ್ ಇರುತ್ತದೆ. ಒತ್ತಿದರೆ ಸ್ಕ್ರೂ ತಿರುಗಿಸದೆಯೇ ದವಡೆ ಸರ್ರನೆ ಹಿಂದೆ ಮುಂದೆ ಹೋಗುತ್ತದೆ. ಕೇಳೋಕೆ ಚೆಂದ, ಆದರೆ ಅದರೊಳಗೆ ಸ್ಕ್ರೂವನ್ನು ಕಚ್ಚಿ ಹಿಡಿಯುವ ಅರ್ಧ ನಟ್ ಸವೆದಿದ್ದರೆ ಬಿಗಿ ಮಾಡುವಾಗಲೇ ಜಾರುತ್ತದೆ. ಹಳೆಯದು ಕೊಳ್ಳುವಾಗ ಸಾದಾ ಸ್ಕ್ರೂ ಇರುವುದೇ ನನಗೆ ವಾಸಿ ಅನ್ನಿಸುತ್ತದೆ.

ನನಗೆ ಸಿಕ್ಕಿದ್ದು ಬೆಂಗಳೂರಿನ ಜಾಲಿ ಮೊಹಲ್ಲಾದ ಒಂದು ಗುಜರಿ ಅಂಗಡಿಯಲ್ಲಿ. ಮುಚ್ಚಿಹೋದ ಸಣ್ಣ ವರ್ಕ್‌ಶಾಪ್‌ಗಳ ಸಾಮಾನು ಅಲ್ಲಿ ರಾಶಿ ಬಿದ್ದಿತ್ತು. "ಎಷ್ಟು ಭಾಯ್, ಕೆಜಿ ಲೆಕ್ಕವಾ?" ಅಂದೆ. "ಇಲ್ಲ ಸಾರ್, ಇದು ಪೀಸ್ ರೇಟು" ಅಂದರು. ಚೌಕಾಸಿ ಮಾಡಿ 2,800 ರೂಪಾಯಿಗೆ ಮುಗಿಯಿತು. ಸಮಾಧಾನವಾಗಿ ತಿರುಗಿಸಿ ನೋಡಲು ಬಿಟ್ಟರು. ಹಳೆ ವೈಸ್ ಕೊಳ್ಳುವವರಿಗೆ ಅದೇ ದೊಡ್ಡ ಉಪಕಾರ.

ನೋಡಬೇಕಾದದ್ದು ಏನು ಅಂತೀರಾ? ಬಣ್ಣ ಅಂತೂ ಅಲ್ಲ. ಹೊಸದಾಗಿ ದಪ್ಪ ಪೇಂಟ್ ಹೊಡೆದ ಹಳೆ ವೈಸ್ ಕಂಡರೆ ಜಾಸ್ತಿ ಅನುಮಾನಪಡಿ. ಕೆಳಗೆ ಬಿರುಕು ಇರಬಹುದು, ಅದಕ್ಕೆ ಎಂ-ಸೀಲ್ ಮೆತ್ತಿರಬಹುದು. ಇದರ ಮೈಯೆಲ್ಲ ಬೀಡು ಕಬ್ಬಿಣ. ಬೀಡು ಬಾಗುವುದಿಲ್ಲ, ಒಡೆಯುತ್ತದೆ. ದವಡೆಯ ಬುಡ, ಜಾರುವ ಭಾಗದ ತುದಿ, ಬೋಲ್ಟ್ ತೂತುಗಳ ಸುತ್ತ, ಇಷ್ಟು ಕಡೆ ವೈರ್ ಬ್ರಷ್ ಹಾಕಿ ಉಜ್ಜಿ ನೋಡಿ. ವೆಲ್ಡಿಂಗ್ ಗುರುತು ಕಂಡರೆ ಬಿಟ್ಟುಬಿಡಿ. ಬೀಡನ್ನು ಸರಿಯಾಗಿ ಬೆಸೆಯುವವರು ಕಡಿಮೆ, ಮತ್ತೆ ಒಡೆಯುವುದು ಅದೇ ಜಾಗದಲ್ಲೇ.

ಆಮೇಲೆ ಹ್ಯಾಂಡಲ್ ಹಿಡಿದು ಸ್ವಲ್ಪ ಅತ್ತಿತ್ತ ತಿರುಗಿಸಿ. ದವಡೆ ಕದಲುವ ಮುಂಚೆ ಸ್ಕ್ರೂ ಕಾಲು ಸುತ್ತು ಸುಮ್ನೆ ತಿರುಗಿದರೆ ಚಿಂತೆಯಿಲ್ಲ. ಅರ್ಧ ಸುತ್ತಿಗಿಂತ ಜಾಸ್ತಿ ತಿರುಗಿದರೆ ಒಳಗಿನ ನಟ್ ಸವೆದಿದೆ ಅಂತ ಲೆಕ್ಕ. ದವಡೆಯ ಎರಡೂ ಅಂಚಿಗೆ ಒಂದೊಂದು ಕಾಗದದ ಚೂರು ಇಟ್ಟು ಬಿಗಿ ಮಾಡಿ ಎಳೆದು ನೋಡಿ. ಒಂದು ಕಡೆಯದು ಸಲೀಸಾಗಿ ಬಂದರೆ ದವಡೆ ಓರೆ ಇದೆ. ತುಕ್ಕಿಗೆ ಮಾತ್ರ ಹೆದರಬೇಡಿ. ತುಕ್ಕು ಹೋಗುತ್ತದೆ.

ನನ್ನದರಲ್ಲಿ ಸ್ಪಿಂಡಲ್ (ಉದ್ದನೆಯ ಸ್ಕ್ರೂ) ಹಿಂದಿನ ಸ್ಪ್ರಿಂಗು, ವಾಷರು, ಪಿನ್ನು ಎಲ್ಲ ತುಕ್ಕಲ್ಲಿ ಒಂದಾಗಿ ಹೋಗಿದ್ದವು. ಡೀಸೆಲ್‌ನಲ್ಲಿ ನೆನೆಸಿಟ್ಟು ಬಿಡಿಸಿದೆ. ಸಣ್ಣ ಭಾಗಗಳಿಗೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿದ ನೀರು ಸಾಕು. ರಾತ್ರಿ ಮುಳುಗಿಸಿಟ್ಟು ಬೆಳಗ್ಗೆ ಉಜ್ಜಿ, ವಾಷಿಂಗ್ ಸೋಡಾ ನೀರಲ್ಲಿ ತೊಳೆದು, ಕೂಡಲೇ ಒಣಗಿಸಿ ಎಣ್ಣೆ ಸವರಬೇಕು. ದೊಡ್ಡ ಮೈಗೆ ಕರೆಂಟ್ ವಿಧಾನ ಮಾಡಿದೆ. ಪ್ಲಾಸ್ಟಿಕ್ ಡ್ರಮ್ಮಲ್ಲಿ ವಾಷಿಂಗ್ ಸೋಡಾ ನೀರು, ಹಳೆ ಕಾಲದ ಬ್ಯಾಟರಿ ಚಾರ್ಜರು. ಮೈನಸ್ ವೈರ್ ವೈಸ್‌ಗೆ, ಪ್ಲಸ್ ವೈರ್ ಒಂದು ಸಾದಾ ಕಬ್ಬಿಣದ ತಗಡಿಗೆ. ಎರಡೂ ಒಂದಕ್ಕೊಂದು ತಾಕಬಾರದು. ತಗಡಿನ ಜಾಗಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಮಾತ್ರ ಹಾಕಲೇಬೇಡಿ, ನೀರಿಗೆ ವಿಷದ ಕ್ರೋಮಿಯಂ ಸೇರುತ್ತದೆ. ಹೈಡ್ರೋಜನ್ ಗುಳ್ಳೆ ಬರುವುದರಿಂದ ಇದನ್ನು ಹೊರಗಡೆ, ಗಾಳಿಯಾಡುವ ಕಡೆಯೇ ಮಾಡಿ. ಒಳ್ಳೆಯ ಕಬ್ಬಿಣವನ್ನು ಇದು ತಿನ್ನುವುದಿಲ್ಲ. ಗ್ರೈಂಡರ್ ಹಾಗಲ್ಲ, ತುಕ್ಕಿನ ಜೊತೆ ಮೇಲೆದ್ದ ಅಕ್ಷರಗಳನ್ನೂ ತಿಂದುಹಾಕುತ್ತದೆ. ಯಾರೋ ಅಚ್ಚು ಕಡೆದು, ಯಾರೋ ಎರಕ ಹೊಯ್ದು ಮೂಡಿಸಿದ ಹೆಸರು ಅದು. ಅಳಿಸೋಕೆ ನಮಗೆ ಮನಸ್ಸು ಬರಬಾರದು, ಅಲ್ವಾ?

ಹಳೆ ಪೇಂಟಲ್ಲಿ ಸೀಸ ಇರುವ ಸಾಧ್ಯತೆ ಇದೆ. ಒಣಗಿದ್ದಾಗ ಉಪ್ಪುಕಾಗದ ಹಾಕಿ ಉಜ್ಜಬೇಡಿ. ಒದ್ದೆ ಮಾಡಿಕೊಂಡು ಕೆರೆಯಿರಿ, ಮಾಸ್ಕ್ ಹಾಕಿ, ಮಕ್ಕಳನ್ನು ದೂರ ಇಡಿ.

ದವಡೆಯ ಪ್ಲೇಟುಗಳ ಹಲ್ಲು ಪೂರ್ತಿ ಸವೆದಿತ್ತು. ಅದನ್ನು ಹಿಡಿದಿದ್ದ ಸ್ಕ್ರೂಗಳು ಇಂಪ್ಯಾಕ್ಟ್ ಡ್ರೈವರ್‌ಗೆ ಮಾತ್ರ ಬಗ್ಗಿದವು. ಮರೆ (ಥ್ರೆಡ್) ಅಳೆಯುವ ಪಿಚ್ ಗೇಜ್ ಹಿಡಿದು ನೋಡಿದರೆ ಹಳೆಯ ಬ್ರಿಟಿಷ್ ಅಳತೆಯ ವಿಟ್‌ವರ್ತ್ ಮರೆ, ಅದರ ಕೋನ 55 ಡಿಗ್ರಿ. ಮೆಟ್ರಿಕ್ ಮರೆ 60 ಡಿಗ್ರಿ. ಹತ್ತಿರದ ಸೈಜು ಅಂತ ಮೆಟ್ರಿಕ್ ಸ್ಕ್ರೂ ತುರುಕಿದರೆ ಬೀಡಿನ ಮರೆ ಹಾಳಾಗುತ್ತದೆ. ಬಿಎಸ್‌ಡಬ್ಲ್ಯೂ (ಬ್ರಿಟಿಷ್ ಸ್ಟ್ಯಾಂಡರ್ಡ್ ವಿಟ್‌ವರ್ತ್) ಅಂತ ಕೇಳಿದರೆ ಹಳೆ ಹಾರ್ಡ್‌ವೇರ್ ಅಂಗಡಿಯವರಿಗೆ ತಕ್ಷಣ ಗೊತ್ತಾಗುತ್ತದೆ. ಹೊಸ ಪ್ಲೇಟುಗಳನ್ನು ಟೂಲ್ ರೂಮ್ ಒಂದರಲ್ಲಿ ಓಎಚ್‌ಎನ್‌ಎಸ್ ಅನ್ನುವ, ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುವ ಟೂಲ್ ಉಕ್ಕಿನಲ್ಲಿ ಮಾಡಿಸಿ, ಹಾರ್ಡನಿಂಗ್ ಮಾಡಿಸಿದೆ. ಹಲ್ಲು ಬೇಡ, ನುಣ್ಣಗೆ ಗ್ರೈಂಡ್ ಮಾಡಿ ಕೊಡಿ ಅಂದೆ. 900 ರೂಪಾಯಿ ಆಯಿತು. ನನ್ನ ಕೆಲಸಕ್ಕೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದ ಖರ್ಚು ಇದೇ. ಹಿತ್ತಾಳೆ ಬುಷ್ ಹಿಡಿಯುವಾಗ ಮಾತ್ರ ಅಲ್ಯೂಮಿನಿಯಂ ತಗಡು ಮಡಚಿ ದವಡೆಗೆ ಹಾಕಿಕೊಳ್ಳುತ್ತೇನೆ.

ಈಗ ಹ್ಯಾಂಡಲ್ ಒಂದು ಬೆರಳಲ್ಲಿ ತಿರುಗುತ್ತದೆ. ನೀಡಲ್ ಬಾರ್ ಕಚ್ಚಿ ಹಿಡಿದರೆ ಗುರುತೇ ಬೀಳುವುದಿಲ್ಲ. ನೀಲಿ ಎನಾಮೆಲ್, ಬೋಲ್ಟು, ಡೀಸೆಲ್ ಎಲ್ಲ ಸೇರಿ ಒಟ್ಟು ಖರ್ಚು 4,400 ರೂಪಾಯಿ.

ಕೊರತೆಗಳೂ ಇವೆ. ಬುಡ ಸುತ್ತ ತಿರುಗುವುದಿಲ್ಲ. ತೂಕ ಜಾಸ್ತಿ, ಸಣಕಲು ಮೇಜಿಗೆ ಕೂರಿಸಿದರೆ ಮೇಜೇ ಕುಣಿಯುತ್ತದೆ. ಹಿಂದಿನ ದವಡೆ ಮೇಜಿನ ಅಂಚಿನಿಂದ ಸ್ವಲ್ಪ ಹೊರಗೆ ಬರುವ ಹಾಗೆ ಕೂರಿಸಿ, ಉದ್ದದ ರಾಡನ್ನು ನೆಟ್ಟಗೆ ಕೆಳಕ್ಕೆ ಇಳಿಬಿಟ್ಟು ಹಿಡಿಯಬಹುದು. ಗ್ರಿಲ್ ಕೆಲಸದವರಿಗೆ, ದೊಡ್ಡ ಸುತ್ತಿಗೆಯಲ್ಲಿ ಹೊಡೆದು ಬಗ್ಗಿಸುವವರಿಗೆ ಇದು ಬೇಡ. ಅವರು ಉಕ್ಕಿನ ಮೈಯ ವೈಸ್ ತಗೊಳ್ಳಲಿ, ಹ್ಯಾಂಡಲ್‌ಗೆ ಪೈಪ್ ತೂರಿಸಿ ಬಿಗಿ ಮಾಡುವವರೂ ಅಷ್ಟೇ.