ಸ್ಟೋರೇಜ್ ಆಮೇಲೆ ಹಾಕಿಸೋಣ ಅಂತ ಲ್ಯಾಪ್‌ಟಾಪ್ ತಗೋಬೇಡಿ

ಸದ್ಯಕ್ಕೆ 64 ಜಿಬಿ ಸಾಕು, ಆಮೇಲೆ ದೊಡ್ಡ ಎಸ್‌ಎಸ್‌ಡಿ ಹಾಕಿಸಿದರಾಯಿತು ಅಂದುಕೊಂಡು ಲ್ಯಾಪ್‌ಟಾಪ್ ತಗೊಂಡೆ. ಕೊನೆಗೆ ಲ್ಯಾಪ್‌ಟಾಪೂ ಇಲ್ಲ, ಅದರಲ್ಲಿದ್ದ ಎರಡು ವರ್ಷದ ಫೋಟೊಗಳೂ ಇಲ್ಲ. ನಿಮಗೆ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ವಿಂಡೋಸ್ 11ಕ್ಕೆ ಕನಿಷ್ಠ ಬೇಕಾದದ್ದೇ 64 ಜಿಬಿ. ಬರಬರುತ್ತಾ ಅಪ್‌ಡೇಟ್‌ಗೂ ಜಾಗ ಸಾಲದಾಯಿತು. ಎಸ್‌ಎಸ್‌ಡಿ ತಂದು, ಹಿಂಬದಿಯ ಸ್ಕ್ರೂ ಬಿಚ್ಚಿ ನೋಡಿದರೆ ಎಸ್‌ಎಸ್‌ಡಿ ಸಿಕ್ಕಿಸುವ ಎಂ.2 ಸ್ಲಾಟ್ ಇರಬೇಕಾದ ಜಾಗದಲ್ಲಿ ಚಿನ್ನದ ಬಣ್ಣದ ಪುಟ್ಟ ಗೆರೆಗಳ ಸಾಲು ಮಾತ್ರ ಇತ್ತು. ಜಾಗ ಬಿಟ್ಟಿದ್ದಾರೆ, ಕನೆಕ್ಟರ್ ಕೂರಿಸಿಲ್ಲ! ಇದ್ದ ಸ್ಟೋರೇಜ್ ಅಂದರೆ ಬೋರ್ಡಿಗೇ ಬೆಸುಗೆ ಹಾಕಿದ್ದ, ಹೆಬ್ಬೆರಳ ಉಗುರಿನಷ್ಟು ಅಗಲದ ಇಎಂಎಂಸಿ ಚಿಪ್.

ಅಲ್ಲಿಗೇ ಬಿಡಬೇಕಿತ್ತು. ರಿಪೇರಿ ಮಾಡುವವರೊಬ್ಬರು "ಈ ಚಿಪ್ ತೆಗೆದು 256 ಜಿಬಿದು ಕೂರಿಸ್ತೀನಿ, ಡೇಟಾನೂ ಕಾಪಿ ಮಾಡಿಕೊಡ್ತೀನಿ" ಅಂದರು. ನಂಬಿ ಹೂಂ ಅಂದೆ.

ಆ ಕೆಲಸ ಎಷ್ಟು ಸೂಕ್ಷ್ಮ ಅಂತ ಆಮೇಲೆ ತಿಳಿಯಿತು. ಇಂಥ ಚಿಪ್‌ನ ಅಡಿಯಲ್ಲಿ ಸಾಮಾನ್ಯವಾಗಿ 153 ಬೆಸುಗೆ ಗುಂಡುಗಳಿರುತ್ತವೆ, ಹೊರಗಿನಿಂದ ಒಂದೂ ಕಾಣುವುದಿಲ್ಲ. ಸೀಸ ಇಲ್ಲದ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಬಿಸಿ ಬೇಕು. ಬೋರ್ಡನ್ನು ಕೆಳಗಿನಿಂದಲೂ ನಿಧಾನವಾಗಿ ಕಾಯಿಸಬೇಕು, ಎಲ್ಲಾ ಗುಂಡುಗಳೂ ಕರಗುವ ಮೊದಲೇ ಚಿಪ್ ಎತ್ತಿದರೆ ಕೆಳಗಿನ ತಾಮ್ರದ ಬಿಲ್ಲೆಗಳೂ ಕಿತ್ತು ಬರುತ್ತವೆ. ನನ್ನದರಲ್ಲಿ ಆಗಿದ್ದೂ ಅದೇ. ಪಕ್ಕದ ಪ್ಲಾಸ್ಟಿಕ್ ಕನೆಕ್ಟರ್ ಕೂಡ ಸೊಟ್ಟಗಾಗಿತ್ತು. ಮತ್ತೆ ಲ್ಯಾಪ್‌ಟಾಪ್ ಆನ್ ಆಗಲೇ ಇಲ್ಲ.

ಹಳೇ ಚಿಪ್ಪನ್ನು ಪುಟ್ಟ ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ವಾಪಸ್ ಕೊಟ್ಟರು. ಚಿಪ್ ಚೆನ್ನಾಗಿಯೇ ಇತ್ತು, ಬೇರೊಬ್ಬರು ರೀಡರ್‌ನಲ್ಲಿಟ್ಟು ಓದಿಯೂ ನೋಡಿದರು. ಆದರೆ ಡೇಟಾ ಎಲ್ಲಾ ಎನ್‌ಕ್ರಿಪ್ಟ್ ಆಗಿತ್ತು, ಅಂದರೆ ಕೀ ಇಲ್ಲದೆ ಓದಲಾಗದಂತೆ ಬೀಗ ಬಿದ್ದಿತ್ತು! ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದರೆ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಇದು ತಾನಾಗಿಯೇ ಶುರುವಾಗುತ್ತೆ, ನನಗೆ ಗೊತ್ತೇ ಇರಲಿಲ್ಲ. ಬೀಗ ತೆಗೆಯುವ ಕೀ ಕಾಪಾಡುವ ಟಿಪಿಎಂ ಅನ್ನೋ ಭದ್ರತಾ ಭಾಗ ಇದ್ದದ್ದು ಸತ್ತ ಬೋರ್ಡಿನಲ್ಲಿ. ಉಳಿದ ದಾರಿ 48 ಅಂಕಿಯ ರಿಕವರಿ ಕೀ. ಅದಿದ್ದ ಮೈಕ್ರೋಸಾಫ್ಟ್ ಅಕೌಂಟ್ ನಾನು ಯಾವತ್ತೋ ಕೈಬಿಟ್ಟ ಹಳೇ ಇಮೇಲ್‌ನದು. ತುಂಬಾ ಸಂಕಟವಾಯಿತು.

ದುಬಾರಿ ಲ್ಯಾಪ್‌ಟಾಪ್‌ನಲ್ಲಿ ಹೀಗಿರಲ್ಲ ಅನ್ಕೋಬೇಡಿ. ಈಗಿನ ಮ್ಯಾಕ್‌ಬುಕ್‌ಗಳಲ್ಲೂ ಸ್ಟೋರೇಜ್ ಚಿಪ್‌ಗಳು ಬೋರ್ಡಿಗೇ ಬೆಸೆದಿರುತ್ತವೆ, ಎನ್‌ಕ್ರಿಪ್ಶನ್ ಮುಖ್ಯ ಪ್ರೊಸೆಸರ್‌ಗೇ ಅಂಟಿಕೊಂಡಿರುತ್ತೆ, ಹಾಗಾಗಿ ಚಿಪ್ ಕಿತ್ತು ಬೇರೆ ಕಡೆ ಓದುವ ಮಾತೇ ಇಲ್ಲ.

ತಗೊಳ್ಳುವ ಮೊದಲು ಆ ಮಾಡೆಲ್‌ನ ಸರ್ವಿಸ್ ಮ್ಯಾನುಯಲ್ ತೆಗೆದು ಎಂ.2 ಸ್ಲಾಟ್ ಚಿತ್ರ ಇದೆಯಾ ನೋಡಿ. ಇದ್ದರೆ ಉದ್ದವನ್ನೂ ನೋಡಿಕೊಳ್ಳಿ, 2280 ಅಂದರೆ 80 ಮಿಲಿಮೀಟರ್, 2242 ಅಂದರೆ 42, ಒಂದಕ್ಕೆ ಇನ್ನೊಂದು ಕೂರದೆ ಇರಬಹುದು. ಮಾಡೆಲ್ ನಂಬರಿನ ಕೊನೆಯ ಅಕ್ಷರವೂ ಸರಿಯಾಗಿ ಹೊಂದಬೇಕು, ಒಂದೇ ಹೆಸರಲ್ಲಿ ಸ್ಲಾಟ್ ಇರುವುದು, ಇಲ್ಲದಿರುವುದು ಎರಡೂ ಬರುತ್ತವೆ. ಇಎಂಎಂಸಿ, ಯುಎಫ್‌ಎಸ್ (ಇದೂ ಬೋರ್ಡಿಗೆ ಬೆಸೆಯುವ ಚಿಪ್ಪೇ) ಅಥವಾ ಆನ್‌ಬೋರ್ಡ್ ಸ್ಟೋರೇಜ್ ಅಂತ ಮಾತ್ರ ಬರೆದಿದ್ದರೆ, ಮುಂದೆ ಬೇಕಾಗುವಷ್ಟನ್ನು ಈಗಲೇ ತಗೊಳ್ಳಿ, ಇಲ್ಲಾಂದ್ರೆ ಬೇರೆ ಮಾಡೆಲ್ ನೋಡಿ.

ಈಗಾಗಲೇ ಅಂಥದ್ದೇ ಕೈಯಲ್ಲಿದ್ದರೆ ಯುಎಸ್‌ಬಿ ಡ್ರೈವ್ ಹಾಕಿಕೊಂಡು ಬಳಸಿ, ಚಿಪ್ ಮುಟ್ಟಿಸಬೇಡಿ. ಮತ್ತೆ ಇವತ್ತೇ ಆ ರಿಕವರಿ ಕೀ ಹುಡುಕಿ ಹಾಳೆಯಲ್ಲಿ ಬರೆದಿಡಿ, ದಯವಿಟ್ಟು.